ನಾಲ್ಕು ಚಕ್ರಕ್ಕೆ ಸಮನಾದ ಹಿಡಿತ



ಗ್ಯಾರೇಜಿನವನ ಕೈಗೆ ಮೈಕು ಕೊಟ್ಟಿದ್ದೀರಿ. ಬ್ರೇಕಿನ ವಿಷಯವನ್ನೇ ಹೇಳುತ್ತೇನೆ.

ಇಂದಿನ ಕಾರಿನಲ್ಲಿ ಪೆಡಲ್ ಒತ್ತಿದರೆ ಬ್ರೇಕ್ ಆಯಿಲ್ ಆ ಒತ್ತಡವನ್ನು ಚಕ್ರಗಳಿಗೆ ಮುಟ್ಟಿಸುತ್ತದೆ. ನಾವು ಓದಿದ ಪಾಸ್ಕಲ್ ನಿಯಮವೇ ಅದು. 1928ರಿಂದ 1931ರವರೆಗಿನ ಫೋರ್ಡ್ ಮಾಡೆಲ್ ಎ ಕಾರಿನಲ್ಲಿ ಆಯಿಲ್ ಇಲ್ಲ. ಹಳೆಯ ಸೈಕಲ್ಲಿನಂತೆ ರಾಡುಗಳೇ ಬ್ರೇಕನ್ನು ಎಳೆಯುತ್ತವೆ. ಒತ್ತಡ ಹಂಚುವ ಕೆಲಸ ಅಲ್ಲಿ ಮೆಕ್ಯಾನಿಕ್ಕಿನದು. ಬಲಗಡೆಯ ಚಕ್ರ ಮೊದಲು ಹಿಡಿದರೆ ಗಾಡಿ ಬಲಕ್ಕೆ, ನಮ್ಮ ರಸ್ತೆಯಲ್ಲಿ ಎದುರು ಬರುವ ಬಸ್ಸಿನ ಕಡೆಗೇ, ಎಳೆಯುತ್ತದೆ.

ಮೊದಲು ನಾಲ್ಕೂ ಚಕ್ರ ಎತ್ತಿ, ಗಾಡಿಯನ್ನು ಗಟ್ಟಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಬೇಕು. ಜಾಕ್ ಒಂದನ್ನೇ ನಂಬಬಾರದು. ಸವೆದ ಪಿನ್ನುಗಳನ್ನು ಬದಲಿಸಬೇಕು. ಲೈನಿಂಗ್ ಸವೆಯಿತೆಂದು ರಾಡನ್ನು ಗಿಡ್ಡ ಮಾಡಬಾರದು; ಸನ್ನೆಯ ಕೋನ ಕೆಡುತ್ತದೆ. ಚಕ್ರದ ಒಳಬದಿಯ ಸ್ಕ್ರೂ ತಿರುಗಿಸಿದರೆ ಬೆಣೆ ಸರಿದು ಶೂಗಳು ಡ್ರಮ್ಮಿನ ಹತ್ತಿರ ಬರುತ್ತವೆ. ಉಜ್ಜತೊಡಗಿದ ಮೇಲೆ, ಚಕ್ರ ಸಲೀಸಾಗಿ ತಿರುಗುವಷ್ಟು ಸಡಿಲಿಸಬೇಕು.

ಆಮೇಲೆ ಒಬ್ಬರು ಪೆಡಲನ್ನು ಸ್ವಲ್ಪ ಸ್ವಲ್ಪವಾಗಿ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಒಂದೊಂದೇ ಚಕ್ರ ತಿರುಗಿಸಿ ನೋಡಬೇಕು. ಮೊದಲು ಹಿಂದಿನ ಎರಡೂ ಸಮನಾಗಿ ಹಿಡಿಯಬೇಕು, ನಂತರ ಮುಂದಿನವು. ಹೆಚ್ಚು ಹಿಡಿದದ್ದನ್ನು ಸಡಿಲಿಸಿ ಜೊತೆಯದಕ್ಕೆ ಸರಿ ಮಾಡಬೇಕು. ಕೊನೆಗೆ ಖಾಲಿ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ ಪರೀಕ್ಷಿಸಬೇಕು.

ಮಕ್ಕಳೇ, ಸನ್ನೆ, ಬೆಣೆ, ಘರ್ಷಣೆ, ಪಾಸ್ಕಲ್ ಎಲ್ಲವೂ ಹೈಸ್ಕೂಲಿನ ಪಾಠಗಳೇ. ಸ್ಪ್ಯಾನರ್ ಹಿಡಿಯುವವನಿಗೆ ಓದು ಯಾಕೆ ಎಂದು ಯಾರಾದರೂ ಕೇಳಿದರೆ, ಆ ಬ್ರೇಕನ್ನು ನಂಬಿ ಗಾಡಿಯಲ್ಲಿ ಕೂತವರನ್ನು ತೋರಿಸಿ.