ದಂಡಿನ ಬೀದಿಯ ಗುರುತುಗಳು

ಊರಿಗೆ ಹೊಸಬರಾದವರು ದಾರಿ ಕೇಳಿದರೆ ನಾವು ಗಜ ಮೈಲಿಗಳ ಲೆಕ್ಕ ಹೇಳುವುದಿಲ್ಲ. ‘ಆ ಮರ ದಾಟಿ, ಆ ಚಿತ್ರಮಂದಿರದ ಎದುರಿಗೆ’ ಎನ್ನುತ್ತೇವೆ. ಬೀದಿಯೊಂದು ನೆನಪಿನಲ್ಲಿ ನಿಲ್ಲುವುದು ಇಂಥ ಗುರುತುಗಳ ಬಲದಿಂದ. ಗುರುತುಗಳು ಹೋದ ಮೇಲೆಯೂ ಬೀದಿ ಉಳಿದಿರುತ್ತದೆಯೆ? ಬೆಂಗಳೂರಿನ ಮಹಾತ್ಮಗಾಂಧಿ ರಸ್ತೆಯಲ್ಲಿ ನಡೆಯುವಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ.

ಈ ಬೀದಿ ಪೇಟೆಯ ಕೂಸಲ್ಲ, ದಂಡಿನದು. 1537ರಲ್ಲಿ ಕೆಂಪೇಗೌಡರು ನೆಲೆಗೊಳಿಸಿದ ಪೇಟೆಯ ಪೂರ್ವಕ್ಕೆ, 1809ರಲ್ಲಿ, ಬ್ರಿಟಿಷರ ಸೈನ್ಯ ಶ್ರೀರಂಗಪಟ್ಟಣವನ್ನು ಬಿಟ್ಟು ಬಂದು ಬೀಡುಬಿಟ್ಟಿತು. ಕವಾಯತು ಮೈದಾನದ ದಕ್ಷಿಣದಂಚಿನ ದಾರಿಗೆ ಸೌತ್ ಪೆರೇಡ್ ಎಂಬ ಹೆಸರಾಯಿತು. 1905ರಲ್ಲಿ ಹಿಗ್ಗಿನ್‌ಬಾಥಮ್ಸ್ ಪುಸ್ತಕದಂಗಡಿ, 1936ರಲ್ಲಿ ಪ್ಲಾಜಾ ಚಿತ್ರಮಂದಿರ ಇಲ್ಲಿ ತಲೆಯೆತ್ತಿದವು. ಗಾಂಧೀಜಿ ತೀರಿಕೊಂಡ 1948ರಲ್ಲಿಯೇ ದಾರಿಗೆ ಅವರ ಹೆಸರು ಬಂತು. ಮರುವರ್ಷ ಪೇಟೆ, ದಂಡು ಎರಡೂ ಒಂದೇ ನಗರಪಾಲಿಕೆಗೆ ಸೇರಿದವು.

ಕಾಗದದ ಮೇಲೆ ಗೋಡೆ ಬಿದ್ದಿತ್ತು. ಮನಸ್ಸಿನ ಗೋಡೆ ಬೀಳುವುದಕ್ಕೆ ಕಾಲ ಹಿಡಿಯಿತು. ಪೇಟೆಯ ಹುಡುಗನಾದ ನನಗೆ ಇಲ್ಲಿನ ಗಾಜಿನ ಬಾಗಿಲುಗಳನ್ನು ತಳ್ಳಿ ಒಳಹೋಗಲು ಧೈರ್ಯವಿರಲಿಲ್ಲ. ಬೆಲೆ ಕೇಳಬೇಕಾದರೂ ಬಾಯಲ್ಲಿ ಇಂಗ್ಲಿಷನ್ನು ಕಟ್ಟಿಕೊಂಡು ಹೋಗಬೇಕೆಂಬ ಅಂಜಿಕೆ. ಆ ಅಂಜಿಕೆಯನ್ನು ಬಿಡಿಸಿದ್ದು ಕಾಫಿ ಹೌಸ್. ಬಿಳಿ ಉಡುಪು, ರುಮಾಲು ತೊಟ್ಟ ಮಾಣಿಯೊಬ್ಬರು ಬಂದು ‘ಏನು ಕೊಡಲಿ ಸ್ವಾಮಿ?’ ಎಂದು ಕನ್ನಡದಲ್ಲಿ ಕೇಳಿದಾಗ, ಈ ಬೀದಿಯಲ್ಲಿ ನನಗೂ ಒಂದು ಕುರ್ಚಿಯಿದೆ ಎನಿಸಿತು. ಕೆಲಸ ಕಳೆದುಕೊಳ್ಳಲಿದ್ದ ನೌಕರರೇ ಸಹಕಾರ ಸಂಘ ಕಟ್ಟಿ ಕಾಫಿ ಹೌಸುಗಳನ್ನು ನಡೆಸತೊಡಗಿದ್ದರು. ಅಂಥ ಮೊದಲ ಸಂಘ 1957ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿಯೇ.

ಧಾರವಾಡದಲ್ಲಿ ಅಧ್ಯಾಪಕರಾಗಿದ್ದ ನನ್ನ ಹಿರಿಯ ಮಿತ್ರರೊಬ್ಬರು ವರ್ಷಕ್ಕೊಮ್ಮೆ ಬೆಂಗಳೂರಿಗೆ ಬರುತ್ತಿದ್ದರು. ಸಂಜೆ ನಾಲ್ಕಕ್ಕೆ ಕಾಫಿ ಹೌಸಿನ ಬಾಗಿಲಲ್ಲಿ ಭೇಟಿ. ಬರುವ ದಿನವನ್ನಷ್ಟೇ ಒಂದು ಕಾರ್ಡಿನಲ್ಲಿ ಬರೆಯುವರು. ಸ್ಥಳ ಬರೆಯುವ ಅಗತ್ಯವೇ ಇರಲಿಲ್ಲ.

2009ರ ಏಪ್ರಿಲಿನಲ್ಲಿ ಅಲ್ಲಿನ ಕಾಫಿ ಹೌಸ್ ಮುಚ್ಚಿತು. ಆಮೇಲೆ ಚರ್ಚ್ ಸ್ಟ್ರೀಟಿನಲ್ಲಿ ತೆರೆಯಿತು. ಮೆಟ್ರೊ ಕಾಮಗಾರಿಗಾಗಿ ಮೈದಾನದ ಅಂಚಿನ ನಡೆದಾರಿಯ ಮರಗಳೂ ಕಾಗದದ ಹೂವಿನ ಬಳ್ಳಿಗಳೂ ಹೋದವು. ಆ ವರ್ಷದ ಕಾರ್ಡು ಬಂದಾಗ, ಪತ್ರಿಕೆಗಳಲ್ಲಿ ಓದಿ ತಿಳಿದಿರುತ್ತಾರೆ ಎಂದುಕೊಂಡು ನಾನು ಉತ್ತರ ಬರೆಯಲಿಲ್ಲ. ಹೊಸ ಜಾಗದಲ್ಲಿ ಒಂದು ಗಂಟೆ ಕಾದೆ. ಕೊನೆಗೆ ಅನುಮಾನ ಹುಟ್ಟಿ ಹಳೆಯ ಜಾಗಕ್ಕೆ ಓಡಿದೆ. ಮುಚ್ಚಿದ ಬಾಗಿಲಿನ ಮುಂದೆ, ಧೂಳಿನಲ್ಲಿ, ಎಪ್ಪತ್ತು ದಾಟಿದ ಆ ಹಿರಿಯರು ಕೈಚೀಲ ಹಿಡಿದು ನಿಂತಿದ್ದರು.

‘ಅಂಗಡಿ ಹೋದ್ರ ಹೋಗ್ಲಿ, ನೀವು ಬಂದೇ ಬರ್ತೀರಿ ಅಂತ ನಿಂತೆ’ ಎಂದರು. ಅವರ ಮಾತಿನಲ್ಲಿ ದೂರು ಇರಲಿಲ್ಲ. ಅದೇ ನನ್ನನ್ನು ನಾಚಿಸಿತು. ನಗರ ನನ್ನ ಗುರುತನ್ನು ಅಳಿಸಿತೆಂದು ಅಷ್ಟು ದಿನ ಹಳಹಳಿಸಿದ್ದವನು ನಾನು. ಆ ಗುರುತನ್ನೇ ನಂಬಿ ಬರುವವರಿಗೆ ಒಂದು ಸಾಲು ಬರೆದು ತಿಳಿಸಲು ನನಗೆ ತೋಚಿರಲಿಲ್ಲ.

2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮಗಾಂಧಿ ರಸ್ತೆಯವರೆಗೆ ಮೆಟ್ರೊ ಓಡತೊಡಗಿತು. ಹಳೆಯ ನಡೆದಾರಿಯ ನೆತ್ತಿಯ ಮೇಲೆ ರೈಲು! ಮೊದಲ ಸಲ ಅದನ್ನು ನೋಡಿದಾಗ ನನಗೆ ಸಂತೋಷವಾಗಲಿಲ್ಲ. ಹೋದ ನೆರಳನ್ನು ಕಾಂಕ್ರೀಟು ತಂದುಕೊಡಲಾರದು. ಆದರೆ ನಿಲ್ದಾಣದ ಮೆಟ್ಟಿಲ ಬಳಿ ಯಾರಿಗಾಗಿಯೋ ಕಾಯುತ್ತ ನಿಂತ ಹುಡುಗ ಹುಡುಗಿಯರನ್ನು ಕಂಡೆ. ಹಿಂಜರಿಕೆಯಿಲ್ಲದೆ, ಗಟ್ಟಿಯಾಗಿ, ಕನ್ನಡದಲ್ಲಿಯೂ ಮಾತಾಡುತ್ತಿದ್ದರು. ನಾನು ಬೆದರಿ ನಡೆದ ಬೀದಿ ಅವರಿಗೆ ತವರಾಗಿತ್ತು.

ಮುಂದಿನ ಕಾರ್ಡು ಧಾರವಾಡದಿಂದ ಬಂದಾಗ ಆ ದಿನವೇ ಉತ್ತರ ಬರೆದೆ: ‘ಸಂಜೆ ನಾಲ್ಕಕ್ಕೆ, ಮೆಟ್ರೊ ಮೆಟ್ಟಿಲ ಕೆಳಗೆ.’ ಹದಿನೈದು ನಿಮಿಷ ಮೊದಲೇ ಹೋಗಿ ನಿಂತೆ. ಅವರು ಬಂದು ತಲೆಯೆತ್ತಿ ರೈಲನ್ನು ನೋಡಿದರು. ಆಮೇಲೆ ನನ್ನ ತೋಳು ಹಿಡಿದು, ‘ಕಾಫಿ ಎಲ್ಲಿ ಸಿಗ್ತದ, ನಡೀರಿ’ ಎಂದರು.