ಉಗುರಿನ ಕೆಳಗಿನ ಕರಿಯ ಗೆರೆ

(ಹಲಸಂಗಿಯಲ್ಲಿ ಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಧರ್ಮ ಸಾಹಿತ್ಯಗಳ ಗಂಭೀರ ವಿಷಯಗಳನ್ನು ಪ್ರಾಜ್ಞರು ವಿವರಿಸಿದ ತರುವಾಯ ನಾನು ಉಗುರಿನ ಮಾತನ್ನೆತ್ತುವದು ಕೆಲವರಿಗೆ ಅಲ್ಪವಾಗಿ ಕಾಣಬಹುದು. ಆದರೆ ಬೀಸುವ ಕಲ್ಲಿನ ಮುಂದೆ ತಾಯಂದಿರು ಹಾಡುವ ಹಾಡುಗಳನ್ನು ಇದೇ ಹಲಸಂಗಿಯ ಗೆಳೆಯರು ಅಲ್ಪವೆಂದು ತಳ್ಳದೆ ಕಿವಿಗೊಟ್ಟು ಕೇಳಿದ್ದರಿಂದಲೇ ೧೯೩೧ರಲ್ಲಿ ‘ಗರತಿಯ ಹಾಡು’ ಕನ್ನಡ ನಾಡಿಗೆ ದೊರೆಯಿತು. ಅಲ್ಪವೆಂದು ಬಿಟ್ಟುದರಲ್ಲಿ ಸಂಪತ್ತು ಅಡಗಿರುವಂತೆ ಅಪಾಯವೂ ಅಡಗಿರುವದುಂಟು. ಅಂಥ ಒಂದು ಅಪಾಯವನ್ನು ತಮ್ಮ ಮುಂದಿಡುವದಕ್ಕಾಗಿಯೇ ನಾನು ನಿಂತಿದ್ದೇನೆ.

ನಮ್ಮ ಚರ್ಮಕ್ಕೆ ಬಣ್ಣ ಕೊಡುವ ಕಣಗಳು ಉಗುರಿನ ಬೇರಿನಲ್ಲಿಯೂ ಇರುತ್ತವೆ. ಆ ಕಣಗಳು ಮೇರೆ ಮೀರಿ ಬೆಳೆದು ಅರ್ಬುದವಾದರೆ ಅದಕ್ಕೆ ಮೆಲನೋಮಾ ಎಂದು ಹೆಸರು. ಬಿಳಿಯ ಜನಾಂಗಗಳಲ್ಲಿ ಈ ರೋಗವು ಬಹುತರವಾಗಿ ಬಿಸಿಲು ತಾಕುವ ಚರ್ಮದಲ್ಲಿ ಹುಟ್ಟುವದು. ನಮ್ಮಂಥ ಶ್ಯಾಮವರ್ಣದವರಲ್ಲಿ ರೋಗವೇ ವಿರಳ. ಆದರೆ ಹುಟ್ಟಿದಾಗ ಅಂಗಾಲು, ಅಂಗೈ, ಉಗುರುಗಳ ಕೆಳಗೆ, ಅಂದರೆ ನಾವು ನೋಡದ ಎಡೆಯಲ್ಲಿ, ಹುಟ್ಟುವದು ಹೆಚ್ಚು. ಇದು ಅಂಟುರೋಗವಲ್ಲ; ಯಾರ ಪಾಪದ ಫಲವೂ ಅಲ್ಲ. ವಿರಳವೆಂಬ ಮಾತಿನಲ್ಲಿಯೇ ಇದರ ಕೇಡಿರುವದು. ವಿರಳವಾದುದನ್ನು ಯಾರೂ ಸಂಶಯಿಸುವದಿಲ್ಲ.

ಹಾಗೆಂದು ಕರಿಯ ಉಗುರನ್ನು ಕಂಡವರೆಲ್ಲರೂ ಬೆದರಬೇಕಾದುದಿಲ್ಲ. ನಮ್ಮ ಜನರಲ್ಲಿ ಹಲವು ಬೆರಳುಗಳ ಉಗುರುಗಳ ಮೇಲೆ ಬುಡದಿಂದ ತುದಿಯವರೆಗೆ ತೆಳುವಾದ ಕಂದು ಗೆರೆಗಳಿರುವದು ಸಾಮಾನ್ಯ. ಬೂಷ್ಟು ಹತ್ತಿದರೂ, ಕೆಲವು ಔಷಧಗಳಿಂದಲೂ, ಬಿ-೧೨ ಜೀವಸತ್ವದ ಕೊರತೆಯಿಂದಲೂ ಉಗುರು ಕಪ್ಪಾಗುವದು. ಯುಗಾದಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಮಾಡಿದ ಭಕ್ತರ ಹೆಬ್ಬೆರಳಿನ ಉಗುರು ಕಪ್ಪಾಗುವದನ್ನು ತಾವೆಲ್ಲರೂ ಕಂಡಿದ್ದೀರಿ. ಕಲ್ಲು ಎಡವಿ ಅಥವಾ ಬಹುದೂರ ನಡೆದು ಉಗುರಿನ ಕೆಳಗೆ ಕಟ್ಟಿದ ರಕ್ತವದು.

ಹಾಗಾದರೆ ಕಟ್ಟಿದ ರಕ್ತವನ್ನು ರೋಗದಿಂದ ಬೇರ್ಪಡಿಸುವದು ಹೇಗೆ? ಉಗುರೇ ಅದಕ್ಕೆ ಸಾಕ್ಷಿ. ಕೈಯುಗುರು ತಿಂಗಳಿಗೆ ಸುಮಾರು ೩ ಮಿಲಿಮೀಟರು ಬೆಳೆಯುವದು. ಕಾಲುಗುರು ಅದರ ಅರ್ಧದಷ್ಟು. ಕಟ್ಟಿದ ರಕ್ತವು ಉಗುರಿನೊಡನೆ ಮುಂದೆ ಸರಿಯುವದು, ಹಿಂದೆ ಬುಡದಲ್ಲಿ ಶುಭ್ರವಾದ ಹೊಸ ಉಗುರು ಮೂಡುವದು. ರೋಗದ ಗೆರೆಯಾದರೋ ಬೇರಿನಲ್ಲಿಯೇ ಹುಟ್ಟುವದರಿಂದ ಉಗುರು ಎಷ್ಟು ಬೆಳೆದರೂ ಬುಡವನ್ನು ಬಿಡುವದಿಲ್ಲ. ಕಲೆ ಕಂಡ ದಿನವೇ ಒಂದು ಛಾಯಾಚಿತ್ರ ತೆಗೆದಿಟ್ಟುಕೊಂಡು, ತಿಂಗಳೆರಡು ತಿಂಗಳಲ್ಲಿ ಮತ್ತೊಂದು ತೆಗೆದು ಹೋಲಿಸಬಹುದು. ಪೆಟ್ಟು ಬಿದ್ದ ನೆನಪು ಸ್ಪಷ್ಟವಾಗಿದ್ದರೆ ಮಾತ್ರ ಇಷ್ಟು ಕಾಯುವದು ಸಲ್ಲುವದು. ಪೆಟ್ಟಿಲ್ಲದೆ ಮೂಡಿದ ಹೊಸ ಗೆರೆಗೆ ಕಾಯುವದು ಸಲ್ಲದು. ರೈತನ ಕಾಲು ದಿನಕ್ಕೊಮ್ಮೆ ಎಡವುವದರಿಂದ ಎಲ್ಲ ಕಲೆಗೂ ಎಡವಿದ್ದೇ ಕಾರಣವೆಂದು ಹೇಳಿಕೊಂಡು ವರ್ಷಗಳನ್ನು ಕಳೆಯುವ ಅಪಾಯ ನಮ್ಮಲ್ಲಿ ಹೆಚ್ಚು.

ಸಂಶಯಪಡಬೇಕಾದ ಚಿಹ್ನೆಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಒಂದೇ ಬೆರಳಿನಲ್ಲಿ, ವಿಶೇಷವಾಗಿ ಕೈಯ ಇಲ್ಲವೆ ಕಾಲಿನ ಹೆಬ್ಬೆರಳಿನಲ್ಲಿ, ಹೊಸದಾಗಿ ಮೂಡಿದ ಗೆರೆ; ೩ ಮಿಲಿಮೀಟರಿಗಿಂತ ಅಗಲವಾದ, ಅಂಚು ಮಸುಕಾದ, ಒಂದೇ ಬಣ್ಣವಿಲ್ಲದ ಗೆರೆ; ದಿನಗಳೆದಂತೆ ಅಗಲವಾಗುವ, ತುದಿಗಿಂತ ಬುಡದಲ್ಲಿ ದಪ್ಪವಾದ ಗೆರೆ; ಉಗುರು ಸೀಳುವದು, ಏಳುವದು, ಕಾರಣವಿಲ್ಲದೆ ರಕ್ತ ಒಸರುವದು; ಮನೆತನದಲ್ಲಿ ಯಾರಿಗಾದರೂ ಈ ರೋಗವಿದ್ದುದು. ೫೦ ರಿಂದ ೭೦ ವರ್ಷ ವಯಸ್ಸಿನವರು ಹೆಚ್ಚು ಎಚ್ಚರದಿಂದಿರಬೇಕು. ಎಲ್ಲಕ್ಕಿಂತ ಗುರುತರವಾದ ಚಿಹ್ನೆಯೆಂದರೆ, ಕಪ್ಪು ಬಣ್ಣವು ಉಗುರನ್ನು ದಾಟಿ ಸುತ್ತಲಿನ ಚರ್ಮಕ್ಕೆ ಹರಡುವದು.

ಈ ಕೊನೆಯ ಚಿಹ್ನೆಗೆ ಆಂಗ್ಲ ವೈದ್ಯ ಜೋನಾಥನ್ ಹಚಿನ್‌ಸನ್ನರ ಹೆಸರಿರುವದು. ೧೮೮೬ರಲ್ಲಿ ಅವರು ಈ ರೋಗವನ್ನು ವರ್ಣಿಸಿ ಅದನ್ನು ಕಪ್ಪು ಉಗುರುಸುತ್ತು ಎಂಬರ್ಥದ ಹೆಸರಿನಿಂದ ಕರೆದರು. ನಮ್ಮ ಇಂಡಿಯ ಸೀಮೆಯಲ್ಲಿ ಉಗುರುಸುತ್ತಾದರೆ ನಿಂಬೆಹಣ್ಣಿಗೆ ತೂತು ಮಾಡಿ ಬೆರಳಿಗೆ ತೊಡಿಸುವದು ವಾಡಿಕೆ. ಉಗುರುಸುತ್ತಿನಲ್ಲಿ ನೋವು, ಕೀವು ಕೂಡಲೇ ಕಾಣುವವು. ಕೆಲವು ದಿನಗಳಲ್ಲಿ ಅದು ಶಮನವಾಗುವದು. ಈ ಅರ್ಬುದವು ಬಹುಕಾಲ ನೋಯುವದಿಲ್ಲ. ಕೆಲವರಲ್ಲಿ ಕಪ್ಪು ಬಣ್ಣವೂ ಇರದೆ, ಕೆಂಪು ಮಾಂಸದ ಗಂಟಿನಂತೆ ಅಥವಾ ಮಾಯದ ಹುಣ್ಣಿನಂತೆ ತೋರುವದು. ಆದುದರಿಂದ ಕೆಲವು ವಾರಗಳಲ್ಲಿ ಮಾಯದ ಉಗುರುಸುತ್ತನ್ನು ನಿಂಬೆಹಣ್ಣಿಗೆ ಒಪ್ಪಿಸಿ ಕೂಡ್ರಬಾರದು. ಸುಡಿಸುವದು, ಕುಯ್ಯಿಸುವದು, ಉಗುರು ಕೀಳಿಸುವದು ಇವು ಸರ್ವಥಾ ಕೂಡದು.

ಜಮೈಕಾ ದ್ವೀಪದ ಪ್ರಖ್ಯಾತ ಗಾಯಕ ಬಾಬ್ ಮಾರ್ಲೆಗೆ ಕಾಲ್ಬೆರಳಿನ ಉಗುರಿನ ಕೆಳಗೆ ಇದೇ ರೋಗವಿದ್ದುದು ೧೯೭೭ರಲ್ಲಿ ತಿಳಿಯಿತು. ಮೊದಲು ಅದನ್ನು ಚೆಂಡಾಟದ ಪೆಟ್ಟೆಂದು ಭಾವಿಸಲಾಗಿತ್ತು. ದೇಹವನ್ನು ಊನಗೊಳಿಸಬಾರದೆಂಬ ತನ್ನ ಮತದ ನಂಬಿಕೆಯಿಂದ ಆತನು ಬೆರಳು ತೆಗೆಸಲು ಒಪ್ಪಲಿಲ್ಲವೆಂದು ಹೇಳುವರು. ಉಗುರಿನ ಭಾಗವನ್ನಷ್ಟೇ ತೆಗೆಸಿಕೊಂಡನು. ೧೯೮೧ರ ಮೇ ೧೧ರಂದು, ೩೬ನೆಯ ವಯಸ್ಸಿನಲ್ಲಿ, ರೋಗವು ದೇಹವೆಲ್ಲ ಹಬ್ಬಿ ಆತನು ತೀರಿಕೊಂಡನು. ಬೆರಳು ಹೋಗಿದ್ದರೆ ಪ್ರಾಣ ಉಳಿಯುತ್ತಿತ್ತೆಂದು ಯಾರೂ ಖಚಿತವಾಗಿ ನುಡಿಯಲಾರರು. ಆದರೆ ಶರೀರವನ್ನು ಪವಿತ್ರವೆಂದು ತಿಳಿಯುವ ನಾವು, ಆ ಪಾವಿತ್ರ್ಯವು ಒಂದು ಬೆರಳಿನ ತುದಿಯಲ್ಲಿದೆಯೋ ಅಥವಾ ಜೀವವಿದ್ದು ಕಾಯಕ ನಡೆಯಿಸುವದರಲ್ಲಿದೆಯೋ ಎಂದು ವಿಚಾರಿಸಬೇಕು.

ಇನ್ನು ಚಿಕಿತ್ಸೆಯ ಮಾತು. ಚರ್ಮರೋಗ ತಜ್ಞರು ಮೊದಲು ವಿಶಿಷ್ಟವಾದ ದರ್ಶಕದಿಂದ ಗೆರೆಯನ್ನು ಪರೀಕ್ಷಿಸುವರು. ಸಂಶಯ ಉಳಿದರೆ ಬೆರಳಿಗೆ ಮರಗಟ್ಟಿಸುವ ಮದ್ದು ಕೊಟ್ಟು, ಉಗುರಿನ ಬೇರಿನಿಂದ ಚೂರು ಮಾಂಸ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವರು. ಚೂರು ತೆಗೆದರೆ ರೋಗ ಹಬ್ಬುವದೆಂಬ ಭಯಕ್ಕೆ ಆಧಾರವಿಲ್ಲ. ಚೂರು ತೆಗೆಯದೆ ನಿರ್ಣಯವೇ ಇಲ್ಲ. ರೋಗವು ಎಷ್ಟು ಆಳಕ್ಕೆ ಇಳಿದಿದೆಯೆಂಬುದನ್ನು ಮಿಲಿಮೀಟರಿನಲ್ಲಿ ಅಳೆಯುವ ಕ್ರಮವನ್ನು ೧೯೭೦ರಲ್ಲಿ ಅಮೇರಿಕೆಯ ಬ್ರೆಸ್ಲೋ ಎಂಬ ವೈದ್ಯರು ತೋರಿಸಿಕೊಟ್ಟರು. ಮುಂದಿನ ಚಿಕಿತ್ಸೆಯೆಲ್ಲ ಬಹುಮಟ್ಟಿಗೆ ಈ ಆಳವನ್ನು ಅವಲಂಬಿಸಿದೆ.

ರೋಗವು ಇನ್ನೂ ಮೇಲ್ಪದರಿನಲ್ಲಿಯೇ ಇದ್ದರೆ ಉಗುರನ್ನೂ ಅದರ ಬೇರನ್ನೂ ಸುತ್ತಲಿನ ಚರ್ಮದೊಡನೆ ತೆಗೆದು, ಬೇರೆಡೆಯ ಚರ್ಮವನ್ನು ಕಸಿಮಾಡುವರು. ಉಗುರು ಹೋಗುವದು, ಬೆರಳು ಉಳಿಯುವದು. ಆಳಕ್ಕೆ ಇಳಿದಿದ್ದರೆ ಬೆರಳಿನ ತುದಿಯ ಗೆಣ್ಣನ್ನು ತೆಗೆಯಬೇಕಾಗಬಹುದು. ಹೆಚ್ಚು ಭಾಗ ಕತ್ತರಿಸಿದಷ್ಟೂ ಆಯುಷ್ಯ ಹೆಚ್ಚೆಂಬ ನಿಯಮವಿಲ್ಲವಾದ್ದರಿಂದ, ಇಂದಿನ ಶಸ್ತ್ರವೈದ್ಯರು ಅಗತ್ಯವಿದ್ದಷ್ಟನ್ನೇ ತೆಗೆಯುವರು. ಕೈಯ ರೋಗವು ಕಂಕುಳದ ಗ್ರಂಥಿಗಳಿಗೆ, ಕಾಲಿನದು ತೊಡೆಸಂದಿನ ಗ್ರಂಥಿಗಳಿಗೆ ಹಬ್ಬುವದರಿಂದ ಅವುಗಳನ್ನೂ ಪರೀಕ್ಷಿಸುವರು. ದೂರ ಹಬ್ಬಿದ ರೋಗಕ್ಕೆ ೨೦೧೧ರಿಂದ ಈಚೆಗೆ ದೇಹದ ರಕ್ಷಣಶಕ್ತಿಯನ್ನೇ ಎಚ್ಚರಿಸುವ ಔಷಧಗಳು ಬಂದಿವೆ. ಆ ಮಾರ್ಗವನ್ನು ಕಂಡುಹಿಡಿದ ಆಲಿಸನ್ ಮತ್ತು ಹೊಂಜೊ ಎಂಬ ವಿಜ್ಞಾನಿಗಳಿಗೆ ೨೦೧೮ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ಉಗುರು, ಅಂಗಾಲುಗಳ ಮೆಲನೋಮಾಕ್ಕೆ ಅವು ಬಿಸಿಲಿನ ಚರ್ಮದ ಮೆಲನೋಮಾಕ್ಕೆ ಫಲಿಸಿದಷ್ಟು ಫಲಿಸುವದಿಲ್ಲ, ವೆಚ್ಚವೂ ಬಹಳ. ಬೇಗ ಗುರುತಿಸುವದಕ್ಕೆ ಸಮಾನವಾದ ಔಷಧವು ಇಂದಿಗೂ ಇಲ್ಲ.

ಎಲ್ಲಿಗೆ ಹೋಗಬೇಕೆಂದು ಕೇಳುವಿರಾದರೆ, ದಾರಿ ದೂರವಿಲ್ಲ. ಪೂಜ್ಯ ಫ. ಗು. ಹಳಕಟ್ಟಿಯವರು ೧೯೧೦ರಲ್ಲಿ ನೆಟ್ಟ ಬಿ.ಎಲ್.ಡಿ.ಇ. ಸಂಸ್ಥೆಯ ವೈದ್ಯಕೀಯ ಮಹಾವಿದ್ಯಾಲಯವು ೧೯೮೬ರಿಂದ ವಿಜಯಪುರದಲ್ಲಿರುವದು. ಅಲ್ಲಿಯೇ ಸರಕಾರದ ಜಿಲ್ಲಾ ದವಾಖಾನೆಯೂ ಉಂಟು. ರೋಗ ನಿರ್ಣಯವಾದರೆ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ದವಾಖಾನೆ, ೧೯೭೩ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆ, ೧೯೪೧ರಲ್ಲಿ ಸ್ಥಾಪಿತವಾದ ಮುಂಬಯಿಯ ಟಾಟಾ ದವಾಖಾನೆ ಇವೆ.

ಕೊನೆಗೆ ನನ್ನ ವಿನಂತಿ ಇಷ್ಟೇ. ವಾರಕ್ಕೊಮ್ಮೆ ಮಿಂದ ತರುವಾಯ, ತಾಯಂದಿರು ಬಣ್ಣ ಗೋರಂಟಿಗಳನ್ನು ಹಚ್ಚುವ ಮೊದಲು, ಇಪ್ಪತ್ತು ಉಗುರುಗಳನ್ನೂ ಬೆಳಕಿನಲ್ಲಿ ನೋಡಿಕೊಳ್ಳಿರಿ. ಕಣ್ಣು ಮಂಜಾದ, ಬಾಗಲಾರದ ಹಿರಿಯರ ಪಾದಗಳನ್ನು ಮನೆಯ ಮಕ್ಕಳು ತೊಳೆದು ನೋಡಲಿ. ಹಿರಿಯರ ಪಾದಸೇವೆಯು ನಮಗೆ ಹೊಸದಲ್ಲ. ಕಾಣಬಾರದುದು ಕಂಡರೆ ಮುಚ್ಚಿಡದೆ, ಮುಂದಿನ ಸುಗ್ಗಿ ಮುಗಿಯಲೆಂದು ಕಾಯದೆ, ಆ ವಾರವೇ ವೈದ್ಯರಲ್ಲಿಗೆ ಹೋಗಿರಿ. ಹೋದವರಲ್ಲಿ ಬಹುಜನರು ರೋಗವಿಲ್ಲವೆಂದು ತಿಳಿದು ನಿಶ್ಚಿಂತರಾಗಿ ಮರಳುವರು. ರೋಗವಿದ್ದ ಒಬ್ಬರು ಸಕಾಲದಲ್ಲಿ ಹೋದರೆ ಒಂದು ಮನೆಯ ದೀಪ ಉಳಿಯುವದು. ಅಷ್ಟಾದರೆ ಈ ಮಹೋತ್ಸವದಲ್ಲಿ ಆಡಿದ ನನ್ನ ಮಾತು ಸಾರ್ಥಕ.