ಎದೆಯೊಳಗಿನ ಕಾವಲುಗಾರ

ಭವಿಷ್ಯ ನುಡಿಯುವುದು ಎಷ್ಟು ಕಷ್ಟವೆಂಬುದನ್ನು ಎರೆಹೊಲದ ರೈತನಿಗೆ ಯಾರೂ ಕಲಿಸಬೇಕಾಗಿಲ್ಲ. ನವಲಗುಂದ, ಅಣ್ಣಿಗೇರಿಯ ಕಡೆ ಹಿಂಗಾರಿ ಮಳೆಯನ್ನು ನಂಬಿ ಕಡಲೆ, ಬಿಳಿಜೋಳ ಬಿತ್ತುವವನು ಸಂಭವವನ್ನು ತೂಗಿ ನೋಡಿ ಬೀಜಕ್ಕೆ ಕೈಹಾಕುತ್ತಾನೆ, ಖಚಿತವಾಗಿ ತಿಳಿದಲ್ಲ. ಹೃದಯವೈದ್ಯರ ಸ್ಥಿತಿಯೂ ಇದಕ್ಕಿಂತ ಬಹಳ ಬೇರೆಯಲ್ಲ.

ಹೃದಯಾಘಾತ, ಹೃದಯಸ್ತಂಭನ ಎಂಬ ಮಾತುಗಳನ್ನು ನಾವು ಒಂದೇ ಎಂಬಂತೆ ಬಳಸುತ್ತೇವೆ. ಹೃದಯಾಘಾತದಲ್ಲಿ ರಕ್ತನಾಳ ಮುಚ್ಚಿ ಹೃದಯದ ಸ್ನಾಯು ಸಾಯತೊಡಗುತ್ತದೆ. ಹಠಾತ್ ಸ್ತಂಭನದಲ್ಲಿ ಅನೇಕ ವೇಳೆ ಹೃದಯದ ವಿದ್ಯುತ್ ಲಯ ಕೆಟ್ಟು, ಕೆಳಕೋಣೆಗಳು ರಕ್ತವನ್ನು ತಳ್ಳದೆ ಬರಿದೆ ಅದುರುತ್ತವೆ. ನಿಮಿಷಗಳಲ್ಲಿ ಪ್ರಾಣ ಹೋಗುತ್ತದೆ. ಈ ಅದುರನ್ನು ಗುರುತಿಸಿ, ವಿದ್ಯುತ್ತಿನ ಹೊಡೆತದಿಂದ ಲಯವನ್ನು ಮರಳಿಸುವ ಯಂತ್ರವೇ ಡಿಫಿಬ್ರಿಲೇಟರ್. ಮೈಕೆಲ್ ಮಿರೋವ್ಸ್ಕಿ ಮತ್ತು ಸಂಗಡಿಗರು ರೂಪಿಸಿದ, ದೇಹದೊಳಗೇ ಇರಿಸುವ ಡಿಫಿಬ್ರಿಲೇಟರನ್ನು ಮನುಷ್ಯನಿಗೆ ಮೊದಲು ಅಳವಡಿಸಿದ್ದು 1980ರಲ್ಲಿ, ಅಮೆರಿಕದ ಬಾಲ್ಟಿಮೋರಿನಲ್ಲಿ.

ಆದರೆ ಯಾರಿಗೆ ಅಳವಡಿಸಬೇಕು? ಎಡ ಕೆಳಕೋಣೆಯು ಒಂದು ಬಡಿತಕ್ಕೆ ತನ್ನಲ್ಲಿರುವ ರಕ್ತದ ಶೇಕಡಾ ಎಷ್ಟನ್ನು ಹೊರದಬ್ಬುತ್ತದೆ ಎಂಬುದೇ ಮುಖ್ಯ ಅಳತೆಗೋಲು. ಹಿಂದೆ ಹೃದಯಾಘಾತವಾಗಿ ಈ ಪ್ರಮಾಣ 30 ಅಥವಾ ಅದಕ್ಕೂ ಕೆಳಗಿಳಿದಿದ್ದ 1,232 ರೋಗಿಗಳ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಸರಾಸರಿ 20 ತಿಂಗಳ ಅವಧಿಯಲ್ಲಿ ಯಂತ್ರವಿಲ್ಲದವರಲ್ಲಿ ನೂರಕ್ಕೆ ಸುಮಾರು 20 ಮಂದಿ, ಯಂತ್ರವಿದ್ದವರಲ್ಲಿ ಸುಮಾರು 14 ಮಂದಿ ತೀರಿಕೊಂಡಿದ್ದರು. ಲಾಭ ದೊಡ್ಡದೇ. ಆದರೂ ಉಳಿದ ಆ ಆರು ಮಂದಿ ಯಾರಾಗುವರೆಂದು ಮುಂಚೆಯೇ ಹೇಳಬಲ್ಲವರು ಇರಲಿಲ್ಲ. ಯಂತ್ರ ಕೊಟ್ಟ ಪ್ರತಿಯೊಂದು ಹೊಡೆತವೂ ತಪ್ಪಿದ ಸಾವಲ್ಲ. ಕೆಲವು ಲಯಭಂಗಗಳು ತಾವಾಗಿಯೇ ಶಮನವಾಗುತ್ತವೆ. ಹೃದಯದ ರಕ್ತನಾಳಗಳ ರೋಗವಿಲ್ಲದೆ ಹೃದಯ ದುರ್ಬಲವಾದವರ ಮೇಲೆ ಡೆನ್ಮಾರ್ಕಿನಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹಠಾತ್ ಸಾವು ಅರ್ಧಕ್ಕೆ ಇಳಿದರೂ ಒಟ್ಟು ಸಾವು ಗಮನಾರ್ಹವಾಗಿ ತಗ್ಗಲಿಲ್ಲ.

ಆದುದರಿಂದ, ಲಕ್ಷಗಟ್ಟಲೆ ರೂಪಾಯಿ ಬೇಡುವ ಈ ಯಂತ್ರಕ್ಕಾಗಿ ಹೊಲ ಮಾರಲು ಹೊರಟ ಕುಟುಂಬ, "ಹಾಕಿಸದಿದ್ದರೆ ಅಪ್ಪ ಉಳಿಯುವುದಿಲ್ಲವೆ?" ಎಂದು ಕೇಳುವುದಕ್ಕಿಂತ, "ಅಪ್ಪನಂಥ ನೂರು ಮಂದಿಯಲ್ಲಿ ಎಷ್ಟು ಜನಕ್ಕೆ ಉಪಕಾರವಾದೀತು, ಎಷ್ಟು ಜನಕ್ಕೆ ಅನವಶ್ಯಕ ಹೊಡೆತ, ಸೋಂಕು ಬಂದೀತು?" ಎಂದು ಕೇಳುವುದು ಮೇಲು. ಅದಕ್ಕೆ ವೈದ್ಯರು ಪ್ರಾಮಾಣಿಕವಾಗಿ ಉತ್ತರಿಸಬಲ್ಲರು.

ಇನ್ನೊಂದು ಮಾತು. ಹಠಾತ್ತನೆ ಸಾಯುವವರಲ್ಲಿ ಹೆಚ್ಚಿನವರು ಈ ಅಳತೆಗೋಲಿಗೆ ಸಿಕ್ಕುವವರೇ ಅಲ್ಲ. ಪುನೀತ್ ರಾಜಕುಮಾರ್ 2021ರ ಅಕ್ಟೋಬರ್ 29ರಂದು, 46ರ ವಯಸ್ಸಿನಲ್ಲಿ ತೀರಿಕೊಂಡಾಗ ನಾಡು ಬೆಚ್ಚಿಬಿದ್ದಿತು. ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯನ್ನು ರಾಜ್ಯ ಸರ್ಕಾರ 2023ರಲ್ಲಿ ಪ್ರಕಟಿಸಿತು. ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವುದು ಅದರ ಉದ್ದೇಶ. ಹೃದಯಾಘಾತಕ್ಕೆ ಇದು ದೊಡ್ಡ ಆಸರೆ. ಆದರೆ ಸ್ತಂಭಿಸಿದ ಹೃದಯ ಕುಂದಗೋಳದಿಂದಾಗಲಿ ಕಲಘಟಗಿಯಿಂದಾಗಲಿ ಹುಬ್ಬಳ್ಳಿ ಮುಟ್ಟುವವರೆಗೆ ಕಾಯುವುದಿಲ್ಲ. ಏನೂ ಮಾಡದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಂಭವ ನೂರಕ್ಕೆ ಏಳರಿಂದ ಹತ್ತರಷ್ಟು ಕುಗ್ಗುತ್ತದೆ.

ಕುಸಿದವರು ಎಚ್ಚರವಿಲ್ಲದೆ, ಸರಿಯಾಗಿ ಉಸಿರಾಡದೆ ಇದ್ದರೆ 108ಕ್ಕೆ ಕರೆ ಮಾಡಿಸಿ, ಎದೆಯ ನಡುವೆ ಎರಡೂ ಕೈಗಳನ್ನಿಟ್ಟು ನಿಮಿಷಕ್ಕೆ 100ರಿಂದ 120 ಸಲ, ಎರಡು ಅಂಗುಲ ಆಳಕ್ಕೆ ಬಿಡದೆ ಒತ್ತಬೇಕು. ಯಾರ ಸರದಿ ಯಾವಾಗ ಎಂದು ಹೇಳಲಾಗದಿರುವಾಗ, ಊರಿನ ಶಾಲೆಯಲ್ಲಿ, ಪಂಚಾಯತಿಯಲ್ಲಿ, ಯುವಕ ಸಂಘದಲ್ಲಿ ಈ ವಿದ್ಯೆ ಬಲ್ಲ ಹತ್ತು ಮಂದಿಯಾದರೂ ಇರಬೇಕೆಂದು ನಾನು ಕೇಳಿಕೊಳ್ಳುತ್ತೇನೆ.